ಸಾಲ ತೀರಿಸೋಣ, ಮಾನ ಒತ್ತೆ ಇಡುವುದು ಬೇಡ

ಸಾಲ, ಬಡ್ಡಿ, ವಸೂಲಿ ಇವೆಲ್ಲ ಶಾಲಾ ಮಾಸ್ತರರಿಗೆ ಯಾಕೆ ಬೇಕು ಎಂದು ಕೆಲವರು ಕೇಳಬಹುದು. ಕೇಳಲಿ. ನಮ್ಮ ಉತ್ತರ ಹಾಜರಿ ಪುಸ್ತಕದಲ್ಲಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳ್ಳಿಗಳಲ್ಲಿ ಜೂನ್ ತಿಂಗಳಲ್ಲಿ ಹೆಸರು ಹಚ್ಚಿದ ಹುಡುಗಿ ಆಗಸ್ಟ್ ಹೊತ್ತಿಗೆ ಹತ್ತಿ ಹೊಲದಲ್ಲಿರುತ್ತಾಳೆ. ಸುಗ್ಗಿ ಮುಗಿದ ಮೇಲೆ ಇನ್ನೊಬ್ಬ ಹುಡುಗ ಅಪ್ಪ-ಅವ್ವನ ಜೊತೆ ಊರು ಬಿಡುತ್ತಾನೆ. ಪುಸ್ತಕದಲ್ಲಿ ನಾವು "ದೀರ್ಘ ಗೈರು" ಎಂದೋ "ವಲಸೆ" ಎಂದೋ ಬರೆಯುತ್ತೇವೆ. ಆ ಶಬ್ದಗಳ ಹಿಂದೆ ಎಷ್ಟೋ ಸಲ ಇರುವುದು ಇನ್ನೊಂದೇ ಶಬ್ದ... ಸಾಲ!

ಇದು ಇಂದು ನಿನ್ನೆಯದಲ್ಲ. ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ಭಗೇಲಾ ಎಂಬ ಪದ್ಧತಿ ಇತ್ತು. ಸಾಲ ಪಡೆದವನು ಅದು ತೀರುವ ತನಕ ಧಣಿಯ ಮನೆಯಲ್ಲಿ ದುಡಿಯಬೇಕು. ದುಡಿಮೆ ನಡೆಯುತ್ತಿತ್ತು, ಸಾಲ ಮಾತ್ರ ತೀರುತ್ತಿರಲಿಲ್ಲ. ನಾವು ಅದನ್ನೇ ಜೀತ ಅನ್ನುತ್ತೇವೆ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು, ಆದರೆ ಮುಂಗಡ ಕೊಟ್ಟು ಮನುಷ್ಯನನ್ನು ಕಟ್ಟಿಹಾಕುವ ಜಾಣತನ ಹೋಗಲಿಲ್ಲ. "ಪಾಲಮೂರು ಲೇಬರ್" ಎಂದು ದೇಶಕ್ಕೆಲ್ಲ ಹೆಸರಾದ ನಮ್ಮ ಜನ ಮೇಸ್ತ್ರಿಯ ಅಡ್ವಾನ್ಸ್ ಹಿಡಿದುಕೊಂಡೇ ಅಣೆಕಟ್ಟು, ಕಾಲುವೆ, ರಸ್ತೆ ಕೆಲಸಕ್ಕೆ ಹೋದವರು. ಗದ್ವಾಲ ಕಡೆಯ ಬೀಜದ ಹತ್ತಿಯಲ್ಲಿ ಕಂಪನಿಗೂ ರೈತನಿಗೂ ನಡುವೆ ಆರ್ಗನೈಜರ್ ಇರುತ್ತಾನೆ. ಮುಂಗಡ ಕೊಡುವವನು ಅವನು, ಬೆಳೆಯ ಹಣದಲ್ಲಿ ಬಡ್ಡಿ ಸಮೇತ ಮುರಿದುಕೊಳ್ಳುವವನೂ ಅವನು. ಲೆಕ್ಕ ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ! ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಚಿಕ್ಕ ಬೆರಳು ಒಳ್ಳೇದು ಅನ್ನುತ್ತಾರೆ. ಆ ಬೆರಳು ಪೆನ್ಸಿಲ್ ಹಿಡಿಯಬೇಕಾದ ಬೆರಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಬುದ್ಧಿ ಹೇಳುವುದು ಸುಲಭ. ಹಾಸಿಗೆಯೇ ಇಲ್ಲದವರು ಎಲ್ಲಿ ಚಾಚಬೇಕು ಸ್ವಾಮಿ? ಬೋರು ಬತ್ತಿತು, ಮನೆಯಲ್ಲಿ ಜಡ್ಡು ಬಂತು, ಮಗಳ ಮದುವೆ ಗೊತ್ತಾಯಿತು... ಸಾಲ ಮಾಡದೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಸಾಲ ಮಾಡಿದ್ದೇ ತಪ್ಪು ಎಂಬ ವಾದ ನಮಗೆ ಒಪ್ಪಿಗೆಯಿಲ್ಲ. ಹಾಗೆಯೇ, ಕಟ್ಟದೆ ಕುಳಿತರೆ ಏನೂ ಆಗದು ಎಂಬ ವಾದವೂ ಒಪ್ಪಿಗೆಯಿಲ್ಲ.

ಯಾಕೆಂದರೆ ಎರಡನೆಯದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2010ರಲ್ಲಿ, ಅಂದಿನ ಆಂಧ್ರಪ್ರದೇಶದಲ್ಲಿ, ಮೈಕ್ರೋ ಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಜೀವ ಕಳೆದುಕೊಂಡ ಸುದ್ದಿಗಳು ಒಂದರ ಹಿಂದೊಂದು ಬಂದವು. ಅಕ್ಟೋಬರ್ 15ರಂದು ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಲ್ಲಿ ವಸೂಲಿ ಬೇಡ, ಪಂಚಾಯತಿ ಕಚೇರಿಯಂಥ ಜಾಗದಲ್ಲಿ ಆಗಲಿ, ಬಡ್ಡಿ ಅಸಲನ್ನು ಮೀರಬಾರದು ಎಂದಿತು. ಮುಂದೆ ಅದೇ ಕಾಯ್ದೆಯಾಯಿತು. ಒಳ್ಳೆಯದೇ ಆಯಿತು. ಆದರೆ ಜನ ಕಟ್ಟುವುದನ್ನು ನಿಲ್ಲಿಸಿದರು, ಕಂಪನಿಗಳು ಕೊಡುವುದನ್ನು ನಿಲ್ಲಿಸಿದವು. ಕಷ್ಟ ಮಾತ್ರ ನಿಲ್ಲಲಿಲ್ಲವಲ್ಲ! ಎಷ್ಟೋ ಹೆಣ್ಣುಮಕ್ಕಳು ಮತ್ತೆ ಊರ ಬಡ್ಡಿ ಸಾವ್ಕಾರನ ಕಟ್ಟೆ ಹತ್ತಿದರು. ಅಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ನೂರಕ್ಕೆ 36 ರೂಪಾಯಿ! ಏಳನೇ ತರಗತಿಯ ಹುಡುಗ ಮಾಡುವ ಲೆಕ್ಕ ಇದು.

ಈಗ ಕಾನೂನು ಎಲ್ಲಿಗೆ ಬಂದಿದೆ? 2023ರ ಫೆಬ್ರವರಿಯಲ್ಲಿ ತೆಲಂಗಾಣ ಹೈಕೋರ್ಟು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಫೈನಾನ್ಸ್ ಕಂಪನಿಗಳಿಗೆ ಆ ರಾಜ್ಯ ಕಾಯ್ದೆ ಅನ್ವಯಿಸದು ಎಂದಿತು. ಕೃಷ್ಣಾ ನದಿಯ ಆಚೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿ 12ರಂದು ಹೊಸ ಸುಗ್ರೀವಾಜ್ಞೆ ಜಾರಿ ಮಾಡಿ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಅಕ್ಕ ರಾಯಚೂರಿನಲ್ಲಿ, ತಂಗಿ ಮಕ್ತಲದಲ್ಲಿ. ಇಬ್ಬರದೂ ಒಂದೇ ಭಾಷೆ, ಒಂದೇ ಕಂತು, ಕಾನೂನು ಮಾತ್ರ ಬೇರೆ! ಗಡಿಯಲ್ಲಿರುವ ನಮ್ಮ ಪಾಡು ಯಾವಾಗಲೂ ಹೀಗೆಯೇ.

ಹಾಗೆಂದು ನಮಗೆ ಆಸರೆಯೇ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಮೈಕ್ರೋ ಫೈನಾನ್ಸ್ ಸಾಲಕ್ಕೆ ತಂದ ನಿಯಮಗಳು ದೇಶಕ್ಕೆಲ್ಲ ಒಂದೇ. ಕಂತು ಕಟ್ಟುವ ಜಾಗವನ್ನು ಇಬ್ಬರೂ ಸೇರಿ ಗೊತ್ತು ಮಾಡಬೇಕು. ಸತತವಾಗಿ ಎರಡು ಸಲವಾದರೂ ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಹೆದರಿಸುವುದು, ನೆಂಟರಿಷ್ಟರನ್ನು ಪೀಡಿಸುವುದು, ಸಾಲಗಾರರ ಹೆಸರು ಹಾಕಿ ಪ್ರಕಟಿಸುವುದು ನಿಷಿದ್ಧ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ತಡವಾದರೆ ದಂಡ ಹಾಕುವುದು ತಪ್ಪಿದ ಕಂತಿನ ಮೇಲೆ, ಇಡೀ ಸಾಲದ ಮೇಲೆ ಅಲ್ಲ.

ನಮ್ಮಂಥವರು ಗಟ್ಟಿಯಾಗಿ ಹಿಡಿಯಬೇಕಾದ ಮಾತು ಇನ್ನೊಂದಿದೆ. ಸಾಲದ ಕರಾರು ಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು ಅದೇ ನಿಯಮ ಹೇಳುತ್ತದೆ. ನಮ್ಮ ತಾಯಂದಿರು ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇದ್ದರೆ "ಕನ್ನಡದಲ್ಲಿ ಕೊಡಿ" ಎಂದು ಕೇಳುವುದು ಹಠವಲ್ಲ, ಹಕ್ಕು. ಕನ್ನಡ ಮಾಧ್ಯಮ ಓದಿದರೆ ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ. ತಾನು ಓದಬಲ್ಲ ಕಾಗದಕ್ಕೆ ಸಹಿ ಹಾಕುವವಳು ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ.

ಇನ್ನು ತೀರಿಸುವ ಮಾತು. ಮೊದಲು ಎಲ್ಲ ಸಾಲವನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಯಾರದು, ಅಸಲೆಷ್ಟು, ಕಟ್ಟಿದ್ದೆಷ್ಟು, ಬಡ್ಡಿ ಎಷ್ಟು. ಹೆಚ್ಚು ಬಡ್ಡಿಯದನ್ನು ಮೊದಲು ಇಳಿಸಿ. ಒಂದು ಸಾಲ ತೀರಿಸಲು ಅದಕ್ಕಿಂತ ದುಬಾರಿಯ ಇನ್ನೊಂದು ಸಾಲ ಬೇಡ. ಒಂದೇ ಗಂಟಿನಲ್ಲಿ ಕಟ್ಟಿ ಮುಗಿಸುವ ಮಾತಾದರೆ, ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಕಟ್ಟಿದ ಮೇಲೆ ರಸೀದಿ, ಬಾಕಿ ಇಲ್ಲವೆಂಬ ಪತ್ರ, ಕೊಟ್ಟಿದ್ದ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಎಲ್ಲವನ್ನೂ ವಾಪಸು ಪಡೆಯಿರಿ. ಬ್ಯಾಂಕಿಗೆ ಮನೆ, ಹೊಲದ ಪತ್ರ ಇಟ್ಟಿದ್ದರೆ ಪೂರ್ತಿ ತೀರಿದ 30 ದಿನದೊಳಗೆ ಮರಳಿಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿದೆ.

ಸಾಲ ಕಟ್ಟಲಾಗದ್ದು ಅಪರಾಧವಲ್ಲ, ಸಿವಿಲ್ ವ್ಯವಹಾರ. "ಪೊಲೀಸರನ್ನು ಕರೆಸ್ತೀವಿ" ಎಂಬ ಬೆದರಿಕೆಗೆ ಹೆದರಬೇಕಿಲ್ಲ. ಆದರೆ ಚೆಕ್ಕು ಬೌನ್ಸಾದರೆ ಕ್ರಿಮಿನಲ್ ಕೇಸು ಆಗುತ್ತದೆ, ನೋಟೀಸು ಬಂದ 15 ದಿನ ಬಹಳ ಮುಖ್ಯ. ಕೋರ್ಟಿನ ಯಾವ ಕಾಗದವನ್ನೂ ಗೂಡಿನಲ್ಲಿ ಸಿಕ್ಕಿಸಿ ಮರೆಯಬೇಡಿ. ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲ, ರಾಜಿಯಾದರೆ ಅದೇ ಅಂತಿಮ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಕಂಪನಿಯ ಮೇಲೆ ದೂರಿದ್ದರೆ ಮೊದಲು ಕಂಪನಿಗೇ ಬರಹದಲ್ಲಿ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448. ಮೊಬೈಲ್ ಆ್ಯಪ್ ಸಾಲದವರು ಫೋಟೋ ತಿರುಚಿ ಹೆದರಿಸಿದರೆ 1930.

ಅಪ್ಪನ ಸಾಲ ಮಗನ ತಲೆಗೆ ಎಂಬ ಮಾತು ನಮ್ಮ ಮಕ್ಕಳ ಓದನ್ನು ತಿಂದು ಹಾಕಿದೆ. ಕಾನೂನು ಹಾಗೆ ಹೇಳುವುದಿಲ್ಲ. ಸತ್ತವರು ಬಿಟ್ಟು ಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ. ಏನೂ ಬಿಟ್ಟಿರದಿದ್ದರೆ, ಅಪ್ಪ ತೀರಿಕೊಂಡ ಹುಡುಗ ಆ ಸಾಲಕ್ಕೆಂದು ಶಾಲೆ ಬಿಡಬೇಕಾಗಿಲ್ಲ. ಯಾವ ಸಾಲಕ್ಕೂ ಮಗುವಿನ ದುಡಿಮೆ ಒತ್ತೆಯಲ್ಲ.

ಸಾಲಮನ್ನಾ ನಂಬಿ ಕೂಡುವವರಿಗೂ ಒಂದು ಮಾತು. 2024ರಲ್ಲಿ ತೆಲಂಗಾಣದಲ್ಲಿ 2 ಲಕ್ಷದವರೆಗಿನ ಮನ್ನಾ ಆದದ್ದು ಬೆಳೆಸಾಲಕ್ಕೆ. ಸಾವ್ಕಾರನ ನೋಟು, ಆರ್ಗನೈಜರನ ವಹಿ, ಸಂಘದ ಕಂತು ಅದರಲ್ಲಿ ಸೇರಿರಲಿಲ್ಲ.

ಕೊನೆಗೆ ಸಂಘದ ಅಕ್ಕತಂಗಿಯರಿಗೆ. ಈಗ ಎಷ್ಟೋ ಕಡೆ ಫೈನಾನ್ಸಿನವರು ತಾವು ಬೈಯುವುದಿಲ್ಲ, ಬೈಯುವ ಕೆಲಸವನ್ನು ನಮ್ಮವರಿಂದಲೇ ಮಾಡಿಸುತ್ತಾರೆ. ಕಂತು ಕಟ್ಟಲಾಗದವಳ ಬಾಗಿಲಲ್ಲಿ ಹೋಗಿ ಕೂಡುವವರು ಅವಳ ಓಣಿಯವರೇ. ನಾಳೆ ನಮ್ಮ ಬಾಗಿಲಿಗೂ ಇದೇ ಬರುತ್ತದೆ. ಅವಳ ಜೊತೆ ಕೂತು ಹಾಳೆಯ ಮೇಲೆ ಲೆಕ್ಕ ಬರೆಯೋಣ, ಎಲ್ಲರೂ ಕೂಡಿ ಹೋಗಿ ಕಂತು ಇಳಿಸಲು ಕೇಳೋಣ. ಸಾಲದ ಭಾರಕ್ಕೆ ಯಾರಾದರೂ ಜೀವದ ಮಾತು ಆಡಿದರೆ ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುವವರು ಸಿಗುತ್ತಾರೆ.

ಮಾಸ್ತರರಾದ ನಾವು ಮಾಡಬಹುದಾದದ್ದೂ ಇದೆ. ಪಾಲಕರ ಸಭೆಯಲ್ಲಿ ಅರ್ಧ ಗಂಟೆ ಬಡ್ಡಿ ಲೆಕ್ಕಕ್ಕೆ ಕೊಡೋಣ. ಕಾಗದ ತಂದರೆ ಓದಿ ಹೇಳೋಣ. ಮಗು ಗೈರಾದರೆ ತರಗತಿಯಲ್ಲಿ ನಿಲ್ಲಿಸಿ ಕೇಳದೆ ಮನೆಗೆ ಹೋಗಿ ಕೇಳೋಣ. ಸಾಲ ಇವತ್ತಲ್ಲ ನಾಳೆ ತೀರುತ್ತದೆ, ಒಂದು ಸಲ ಬಿಟ್ಟ ಶಾಲೆಗೆ ಮಗು ಮರಳಿ ಬರುವುದು ಕಷ್ಟ. ನೀವೇನಂತೀರಿ?