ಕಾಯಿಲ್‌ಓವರ್ ವ್ಯಾಮೋಹ

ಮಣಿಪಾಲದಲ್ಲಿ ಕಾರನ್ನು ನೆಲಮಟ್ಟಕ್ಕೆ ತಗ್ಗಿಸಿ ಓಡಿಸುವ ತರುಣರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಕಾಯಿಲ್‌ಓವರೇ ಶ್ರೇಷ್ಠವೆಂಬ ಅವರ ವಾದವನ್ನು ನಾನು ಒಪ್ಪಲಾರೆ. ಶಾಕ್ ಅಬ್ಸಾರ್ಬರಿನ ಮೈಮೇಲೆ ತಿರುಪಿನ ಎಳೆ ಕೊರೆದು, ಸ್ಪ್ರಿಂಗಿನ ಪೀಠವನ್ನು ಮೇಲೆ ಕೆಳಗೆ ಸರಿಸಿ ಕಾರಿನ ಎತ್ತರ ಬದಲಿಸುವುದೇ ಅದರ ಹೆಗ್ಗಳಿಕೆ. ರೇಸಿನವರಿಗೆ ಅದು ಬೇಕು. ದಿನವೂ ಉಡುಪಿಯಿಂದ ಕಾರ್ಕಳಕ್ಕೆ ಹೋಗಿಬರುವವನು ಎತ್ತರವನ್ನು ಎಷ್ಟು ಬಾರಿ ಬದಲಿಸಿಯಾನು? ಕಾಪುವಿನ ಉಪ್ಪುಗಾಳಿಯೂ ಮಳೆಗಾಲದ ಕೆಸರೂ ಸೇರಿದರೆ ಆ ಎಳೆಗಳು ತುಕ್ಕು ಹಿಡಿದು, ಪೀಠ ಅಲುಗಾಡುವುದೇ ಕಷ್ಟ. ಕಾರು ತಗ್ಗಿದಷ್ಟೂ ಚಕ್ರ ಮೇಲೇಳಲು ಜಾಗ ಕಡಿಮೆ. ಪ್ರತಿ ಹಂಪಿನ ಪೆಟ್ಟೂ ಹಿಂದೆ ಕುಳಿತ ಅಜ್ಜಿಯ ಬೆನ್ನಿಗೆ. ಆಗುಂಬೆಯ 14 ತಿರುವುಗಳಿಗೆ ಬೇಕಂತೆ! ಅಲ್ಲಿ ಬೇಕಾದದ್ದು ನಿಧಾನ. ಹೂಕನ ನಿಯಮ ಓದಿದವರೇ, ಸ್ಪ್ರಿಂಗು ಬಿರುಸಾದರೆ ಅದರ ಪುಟಿತವನ್ನು ಅಡಗಿಸುವ ಶಾಕೂ ತಕ್ಕದ್ದಿರಬೇಕು. ಒಂದಕ್ಕೊಂದು ಹೊಂದುವ ಶಾಕ್-ಸ್ಪ್ರಿಂಗ್ ಜೋಡಿ ನಮ್ಮೂರಿನ ರಸ್ತೆಗೆ ಧಾರಾಳ ಸಾಕು. ಹಣ ಉಳಿಸಲು ಮೂಲ ಸ್ಪ್ರಿಂಗನ್ನೇ ಕತ್ತರಿಸುವವರೊಡನೆ ಮಾತ್ರ ನನ್ನದು ವಾದವೂ ಇಲ್ಲ, ಅವರ ಕಾರನ್ನು ನಾನು ಹತ್ತುವುದೂ ಇಲ್ಲ.