ಹೊತ್ತವರು ಯಾರು? ಕೂತವರು ಯಾರು?



ಕಾಲೇಜು ಸಂಘದ ಉದ್ಘಾಟನೆ ಇರಲಿ, ಹಾಸ್ಟೆಲಿನ ವಾರ್ಷಿಕೋತ್ಸವ ಇರಲಿ, ಶಾಲು ಹೊದ್ದು ಬಂದ ಪಂಡಿತರು ಒಂದು ಮಾತು ಹೇಳದೆ ವೇದಿಕೆ ಇಳಿಯುವುದಿಲ್ಲ. ಧರ್ಮ ಅಂದರೆ ರಿಲಿಜನ್ ಅಲ್ಲ, ಮತ ಅಲ್ಲ, ಅದು 'ಧೃ' ಎಂಬ ಧಾತುವಿನಿಂದ ಬಂದ ಶಬ್ದ ಅಂತಾರೆ. ಧರಿಸುವುದು, ಎತ್ತಿ ಹಿಡಿಯುವುದು ಎಂದು ಅದರ ಅರ್ಥ. ಸಮಾಜ ಬೀಳದಂತೆ ಎತ್ತಿ ಹಿಡಿದದ್ದೇ ಧರ್ಮವಂತೆ. ನಾವೂ ಚಪ್ಪಾಳೆ ತಟ್ಟುತ್ತೇವೆ.

ಚಪ್ಪಾಳೆ ಆಮೇಲೆ ತಟ್ಟೋಣ. ಎತ್ತಿ ಹಿಡಿಯಬೇಕಾದರೆ ಕೆಳಗೆ ಯಾರೋ ಹೆಗಲು ಕೊಟ್ಟಿರಬೇಕಲ್ಲ? ಪಲ್ಲಕ್ಕಿ ತಾನಾಗಿ ಗಾಳಿಯಲ್ಲಿ ನಿಲ್ಲೋದಿಲ್ಲ. ಹೊತ್ತವರು ಯಾರು, ಕೂತವರು ಯಾರು? ಧಾತು ಬಿಡಿಸುವ ಪಂಡಿತರು ಇದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ.

ಈ ಧರ್ಮಕ್ಕೆ ಎರಡು ಜೇಬು. ಒಂದರಲ್ಲಿ ಸತ್ಯ, ಅಹಿಂಸೆ, ಕದಿಯದಿರುವುದು, ಶುಚಿ ಇವೆ. ಇದು ಎಲ್ಲರಿಗೂ ಸಲ್ಲುವ ಸಾಮಾನ್ಯ ಧರ್ಮ. ಇನ್ನೊಂದರಲ್ಲಿ ವರ್ಣಧರ್ಮ, ಅಂದರೆ ಯಾರು ಓದಬೇಕು, ಯಾರು ಆಳಬೇಕು, ಯಾರು ಸೇವೆ ಮಾಡಬೇಕು ಎಂಬ ಪಟ್ಟಿ. ವೇದಿಕೆಯ ಮೇಲೆ ಮೊದಲ ಜೇಬಿಗೆ ಕೈ ಹಾಕುತ್ತಾರೆ, ಊರಲ್ಲಿ ಕೆಲಸ ಹಂಚುವಾಗ ಎರಡನೆಯದಕ್ಕೆ. ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಚಂಡಾಲರು ಊರ ಹೊರಗಿರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ, ಹೆಣದ ಬಟ್ಟೆಯೇ ಉಡುಪು, ಒಡಕು ಮಡಕೆಯಲ್ಲೇ ಊಟ ಎಂಬ ಕಟ್ಟಳೆ ಅಲ್ಲಿದೆ. ಹತ್ತು ಹನ್ನೆರಡು ಶ್ಲೋಕ ದಾಟಿದರೆ ಅಹಿಂಸೆ, ಸತ್ಯ ನಾಲ್ಕೂ ವರ್ಣಕ್ಕೆ ಧರ್ಮ ಎಂಬ ಉಪದೇಶವೂ ಇದೆ. ಎರಡೂ ಒಂದೇ ಅಂಗಿಯ ಜೇಬು!

ಸರಿ, ಧರ್ಮ ಯಾವುದು ಅಂತ ತಿಳಿಯೋದು ಹೇಗೆ? ಮೀಮಾಂಸಾ ಸೂತ್ರದ ಜೈಮಿನಿಯ ಪ್ರಕಾರ ವೇದ ವಿಧಿಸಿದ್ದೇ ಧರ್ಮ; ಕಣ್ಣಿಂದ ಕಂಡು ತಿಳಿಯುವಂಥದ್ದಲ್ಲ. ಹಾಗಾದರೆ ಶೂದ್ರ ಯಜ್ಞ ಮಾಡಬಹುದೆ? ಬಾದರಿ ಎಂಬ ಆಚಾರ್ಯ ಎಲ್ಲರಿಗೂ ಅಧಿಕಾರವಿದೆ ಅಂದನೆಂದು ಅದೇ ಗ್ರಂಥದ 6ನೇ ಅಧ್ಯಾಯ ಹೇಳುತ್ತದೆ. ಹೇಳಿ, ಅವನ ಮಾತನ್ನು ತಳ್ಳಿಹಾಕುತ್ತದೆ. ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದ ಶಂಕರರೂ ಶೂದ್ರನಿಗೆ ವೇದದ ಬಾಗಿಲು ಮುಚ್ಚಿದರು. ವೇದ ಕೇಳಿದವನ ಕಿವಿಗೆ ಸೀಸ, ಅರಗು ತುಂಬಬೇಕೆಂಬ ಸ್ಮೃತಿಯ ಮಾತನ್ನು ಪ್ರಮಾಣವಾಗಿ ಎತ್ತಿಕೊಂಡರು. ಎಲ್ಲರಲ್ಲೂ ಒಂದೇ ಬ್ರಹ್ಮ ಕಂಡವರು ಅವರು! ಶೂದ್ರರ ಪಾಡೇ ಇದಾದರೆ, ವರ್ಣದಿಂದಲೇ ಆಚೆಗಿಟ್ಟ ನಮ್ಮ ಪಾಡು ಕೇಳಬೇಕೆ? ಕಾನೂನಿನ ಪುಸ್ತಕ ಮುಟ್ಟಬೇಡ, ಆದರೆ ಕಾನೂನು ತಪ್ಪಿದರೆ ಬಿಡೋದಿಲ್ಲ. ಇದು ಯಾವ ಸೀಮೆ ನ್ಯಾಯ ಕಣ್ರಪ್ಪಾ?

ಇಷ್ಟು ಕೇಳಿದರೆ ಗೀತೆ ತೆಗೆಯುತ್ತಾರೆ. ವರ್ಣ ಹುಟ್ಟಿನಿಂದಲ್ಲ, ಗುಣಕರ್ಮಗಳಿಂದ ಅಂತಾರೆ. ಗುಣಕರ್ಮದ ಮಾತು 4ನೇ ಅಧ್ಯಾಯದಲ್ಲಿ ಇರುವುದು ನಿಜ. 18ನೇ ಅಧ್ಯಾಯದ ತನಕ ಓದಿ. ಸೇವೆಯೇ ಶೂದ್ರನ ಸ್ವಭಾವದ ಕೆಲಸ ಎಂದು ಹಂಚಿದ ಮೇಲೆ, ಸಹಜವಾದ ಕರ್ಮವನ್ನು ದೋಷವಿದ್ದರೂ ಬಿಡಬಾರದು ಎಂದು ಕೃಷ್ಣ ಹೇಳುತ್ತಾನೆ. ಸಹಜ ಅಂದರೇನು? ಜೊತೆಯಲ್ಲೇ ಹುಟ್ಟಿದ್ದು. ಧರ್ಮದ ಧಾತು ಬಿಡಿಸುವವರು ಈ ಪದವನ್ನೂ ಬಿಡಿಸಲಿ. ಗುಣ ನೋಡಿ ವರ್ಣ ಕೊಡುವುದಾದರೆ, ತೊಟ್ಟಿಲ ಕೂಸಿಗೆ ಜಾತಿ ಕಟ್ಟಿದವರು ಯಾರು?

ಮಹಾಭಾರತದ ಧರ್ಮವ್ಯಾಧನನ್ನೂ ತರುತ್ತಾರೆ. ಮಿಥಿಲೆಯಲ್ಲಿ ಮಾಂಸ ಮಾರುವವನು ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಬೋಧಿಸಿದ ಕಥೆ. ಒಳ್ಳೆಯ ಕಥೆಯೇ. ಆದರೆ ಪೂರಾ ಓದಿ. ಇಷ್ಟು ತಿಳಿದವನೂ ಕುಲದ ಕಸುಬೆಂದು ಮಾಂಸದಂಗಡಿಯಲ್ಲೇ ಉಳಿಯುತ್ತಾನೆ. ತಿಳಿವಳಿಕೆ ಎಲ್ಲಿಂದ ಬಂತು ಅಂದರೆ, ಹಿಂದಿನ ಜನ್ಮದಲ್ಲಿ ಬ್ರಾಹ್ಮಣನಾಗಿದ್ದನಂತೆ, ಋಷಿಯ ಶಾಪದಿಂದ ವ್ಯಾಧನಾದನಂತೆ. ಕೆಳಗಿನವರ ಬಾಯಲ್ಲಿ ಜ್ಞಾನದ ಮಾತು ಬಂದರೆ ಅದೂ ಅವರಿಂದ ತಂದ ಸಾಲ!

ಶಾಸ್ತ್ರ ಹಾಗಿರಲಿ, ನಮ್ಮ ಜನರ ನಾಲಿಗೆ ಮೇಲೆ ಈ ಪದ ಏನಾಗಿದೆ ನೋಡಿ. ಬಿಟ್ಟಿ ಸಿಕ್ಕಿದ್ದು 'ಧರ್ಮಕ್ಕೆ' ಸಿಕ್ಕಿದ್ದು. ಕಂಡಕಂಡವರೆಲ್ಲ ಸೇರಿ ಹಾಕುವುದು 'ಧರ್ಮದೇಟು'. ಒಡೆಯನ ಕಾಲು ಹಿಡಿದು ಕೂಗುವುದು 'ದಮ್ಮಯ್ಯ'. ಧರ್ಮವೇ ದಮ್ಮವಾಗಿ, ಅದಕ್ಕೊಬ್ಬ ಅಯ್ಯ ಸೇರಿಕೊಂಡ ಮಾತು ಅದು. ಭಿಕ್ಷೆ, ಏಟು, ಗೋಗರೆತ. ಧರ್ಮ ಕೇರಿಗೆ ಬಂದದ್ದು ಈ ಮೂರು ವೇಷದಲ್ಲಿ.

ಆದರೆ ಇದೇ ದಮ್ಮಕ್ಕೆ ಈ ನೆಲದಲ್ಲಿ ಬೇರೆ ಅರ್ಥವೂ ಇತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ನಿಜ ಹೇಳಬೇಕು ಎನ್ನುತ್ತದೆ ಅದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಎನ್ನುತ್ತದೆ. ವರ್ಣದ ಪಟ್ಟಿ ಅದರಲ್ಲಿಲ್ಲ. 12ನೇ ಶತಮಾನದ ಬಸವಣ್ಣ ಧರ್ಮದ ಬೇರನ್ನು ದಯೆಯಲ್ಲಿ ಕಂಡ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಗೆ ಬೆಂಕಿ ಇಡಿಸಿದರು. 1936ರ 'ಜಾತಿ ವಿನಾಶ'ದಲ್ಲಿ ತತ್ವ ಬೇರೆ, ಕಟ್ಟಳೆ ಬೇರೆ ಎಂದು ವಿಂಗಡಿಸಿ, ಹಿಂದೂಗಳು ಧರ್ಮ ಅನ್ನುವುದು ಕಟ್ಟಳೆಗಳ ಕಂತೆ ಎಂದು ತೋರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬುದ್ಧನ ಧಮ್ಮ ಹಿಡಿದರು.

ಇದೆಲ್ಲ ಹಳೇ ಕಥೆ ಅಂತೀರಾ? ಮಲದ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾಯ್ದೆ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಅಂದರೆ ಸಾವು ನಿಂತಿಲ್ಲ. ಇಳಿಯುವವರು ಯಾವ ಕೇರಿಯವರು ಅಂತ ಯಾವ ಊರಲ್ಲಾದರೂ ವಿಚಾರಿಸಿ. ಸರ್ಕಾರದ ಕಾಯ್ದೆ ಬೇಡ ಅಂದರೂ ಅವರನ್ನು ಇಳಿಸುತ್ತಿರುವುದು ಆ 'ಸಹಜ ಕರ್ಮ'ದ ಕಾಯ್ದೆ.

ಇನ್ನು ನಮ್ಮ ವಿಷಯ. 'ಧರ್ಮದ ಕೂಳು ತಿಂದು ಓದೋರು' ಎಂಬ ಮಾತು ಕೇಳದವರು ಹಾಸ್ಟೆಲಿನಲ್ಲಿ ಯಾರಿದ್ದಾರೆ? ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ ಇದು. ಮೆಟ್ರಿಕ್ ನಂತರ ಓದುವ ನಮ್ಮವರಿಗೆ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿದ್ದಾಗ. ನಮ್ಮ ಓದನ್ನು ವಿಶೇಷ ಕಾಳಜಿಯಿಂದ ನೋಡಿಕೊಳ್ಳಬೇಕೆಂದು ಸಂವಿಧಾನದ 46ನೇ ವಿಧಿ ಸರ್ಕಾರದ ಮೇಲೆ ಹೊಣೆ ಹೊರಿಸಿದೆ. ತಲೆಮಾರುಗಟ್ಟಲೆ ಹೊತ್ತವರು ನಾವು. ಈಗ ಹೊರುವ ಸರದಿ ಸರ್ಕಾರದ್ದು.

ಅದಕ್ಕೇ ಹೇಳೋದು. ಅನ್ನದಲ್ಲಿ ಹುಳ ಬಂದರೆ, ವಿದ್ಯಾರ್ಥಿವೇತನ ತಡೆದರೆ, ವಾರ್ಡನ್ ಮುಂದೆ ದಮ್ಮಯ್ಯ ಅನ್ನಬೇಡಿ. ಅರ್ಜಿ ಬರೆಯಿರಿ, ಎಲ್ಲರ ಸಹಿ ಹಾಕಿಸಿ, ಒಬ್ಬೊಬ್ಬರೇ ಹೋಗದೆ ಒಟ್ಟಾಗಿ ಹೋಗಿ ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ.

ಜೈ ಭೀಮ್.