ಮೀಟರು 400 ಎಂದಿತು, ಮೋಟಾರು ಸುಟ್ಟಿತು

2021ರ ಮಾರ್ಚಿನಲ್ಲಿ ನನ್ನ 5 ಎಚ್‌ಪಿ ಪಂಪಿನ ಮೋಟಾರು ಹದಿನೈದು ದಿನದೊಳಗೆ ಎರಡು ಸಲ ಸುಟ್ಟಿತು. ಅಡಿಕೆ ತೋಟಕ್ಕೆ ನೀರು ಬಿಡಲೇಬೇಕಾದ ಹೊತ್ತು. ಎರಡು ಸಲವೂ ವೋಲ್ಟೇಜು ನೋಡಿಯೇ ಚಾಲೂ ಮಾಡಿದ್ದೆ. ನನ್ನ ಹಳದಿ ಮಲ್ಟಿಮೀಟರು 400ರ ಆಸುಪಾಸು ತೋರಿಸಿತ್ತು. ಸಿಟ್ಟೆಲ್ಲ ರಿವೈಂಡಿಂಗಿನವರ ಮೇಲೆ!

ಮತ್ತೆ ಜೋಡಿಸುವ ದಿನ ಪರಿಚಯದ ವಯರ್‌ಮನ್ ತನ್ನ ಮೀಟರು ಇಟ್ಟು ನೋಡಿದರು. 345. ನನ್ನದರಲ್ಲಿ ಆಗಲೂ 400. ಒಳಗಿನ 9 ವೋಲ್ಟಿನ ಸೆಲ್ಲು ಸೊರಗಿತ್ತು, ಅಷ್ಟೆ. ಸೆಲ್ಲು ಸೊರಗಿದರೆ ಇಂಥ ಅಗ್ಗದ ಮೀಟರು ಕಡಿಮೆ ತೋರಿಸುವುದಲ್ಲ, ಹೆಚ್ಚು ತೋರಿಸುತ್ತದೆ. ಅದು ತನ್ನೊಳಗಿನ ಒಂದು ನಿಗದಿತ ವೋಲ್ಟೇಜಿಗೆ ಹೋಲಿಸಿ ಅಳೆಯುವಂಥದ್ದು. ಸೇರೇ ಕಿರಿದಾದರೆ ಅಳೆದ ಅಕ್ಕಿ ಹೆಚ್ಚಾಗಿ ಕಾಣುವುದಿಲ್ಲವೇ, ಹಾಗೆ. ಇತ್ತ ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಸ್ಟಾರ್ಟರಿನ ರಿಲೇ ತಡೆಯಬೇಕಿತ್ತು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿಟ್ಟವನೂ ನಾನೇ.

ಆದ್ದರಿಂದ ಮೀಟರು ಕೊಳ್ಳುವಾಗ ನಾನು ಮೊದಲು ಕೇಳುವುದು, ಸೆಲ್ಲು ಇಳಿದರೆ ಪರದೆಯಲ್ಲಿ ಗುರುತು ಬರುತ್ತದೆಯೇ ಎಂದು. ಅಂಕೆಗಳು ಎಷ್ಟು ಎಂಬುದು ಆಮೇಲೆ. ಅಂಗಡಿಯವರು ಹೆಚ್ಚು ಅಂಕೆಯದ್ದನ್ನು ಎತ್ತಿ ತೋರಿಸುತ್ತಾರೆ. ಅಂಕೆ ಹೆಚ್ಚಿದ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ.

ಜತೆಗೆ ಬರುವ ಚೀಟಿ ಓದಿ. ಡಿ.ಸಿ.ಗೆ 0.5 ಶೇಕಡಾ ಮತ್ತು 2 ಅಂಕೆ ಎಂದಿದ್ದರೆ 12.60 ವೋಲ್ಟಿನಲ್ಲಿ ಸುಮಾರು 0.08 ವೋಲ್ಟು ಆಚೀಚೆ ಆಗಬಹುದು. ಝಟ್ಕಾ ಬೇಲಿಯ ಬ್ಯಾಟರಿ ಪೂರ್ತಿ ತುಂಬಿದಾಗ 12.6ರಿಂದ 12.7, ಅರ್ಧ ಇಳಿದಾಗ 12.2ರ ಹತ್ತಿರ. ಇದನ್ನು ತಿಳಿಯಲು ಅಷ್ಟು ನಿಖರತೆ ಧಾರಾಳ. ಎ.ಸಿ.ಯಲ್ಲಿ ಮಾತ್ರ ಎಚ್ಚರ. 1.2 ಶೇಕಡಾ ಮತ್ತು 10 ಅಂಕೆ ಎಂದು ಬರೆದ ಅಗ್ಗದ ಮೀಟರಿನಲ್ಲಿ 415 ವೋಲ್ಟು ಅಳೆದರೆ 15 ವೋಲ್ಟು ಹೆಚ್ಚುಕಡಿಮೆ ಆದರೂ ಅದು ‘ಸರಿ’ಯೇ!

ಟ್ರೂ ಆರ್‌ಎಂಎಸ್ ಎಂಬುದಕ್ಕೆ ಎಲ್ಲರೂ ದುಡ್ಡು ಕೊಡಬೇಕಾಗಿಲ್ಲ. ಲೈನಿನ ಕರೆಂಟಿಗೆ ಸಾದಾ ಮೀಟರು ಸಾಕು. ಸೈನ್‌ವೇವ್ ಅಲ್ಲದ ಇನ್ವರ್ಟರ್ ಇದ್ದವರು ಮಾತ್ರ ಯೋಚಿಸಿ, ಅಲ್ಲಿ ಸಾದಾ ಮೀಟರು ತಪ್ಪು ಲೆಕ್ಕ ಕೊಡುತ್ತದೆ.

ಉಳಿಸಿದ ದುಡ್ಡನ್ನು ಸುರಕ್ಷತೆಗೆ ಹಾಕಿ. ಪಂಪ್ ಶೆಡ್ಡಿನ ಬೋರ್ಡಿಗೆ ಕ್ಯಾಟ್ 3, 600 ವೋಲ್ಟು ಎಂದಾದರೂ ಇರಬೇಕು. ಅಚ್ಚು ಹಾಕಿದ್ದನ್ನೇ ನಂಬಬೇಡಿ. ಪ್ರೋಬಿನ ವಯರು ದಪ್ಪ ಇದೆಯೇ, 10 ಆಂಪಿಯರಿನ ತೂತಿಗೆ ಫ್ಯೂಸು ಇದೆಯೇ ನೋಡಿ. ನನ್ನ ಹಳದಿಯದರಲ್ಲಿ ಆ ತೂತಿನ ಪಕ್ಕ ‘ಫ್ಯೂಸ್ ಇಲ್ಲ’ ಎಂದೇ ಬರೆದಿದೆ. ಕೆಂಪು ಪ್ರೋಬು ಮರೆತು ಅಲ್ಲೇ ಉಳಿದು ವೋಲ್ಟೇಜು ನೋಡಲು ಹೋದರೆ ನೇರ ಶಾರ್ಟು. ಕೈಯಲ್ಲೇ ಸಿಡಿಯುತ್ತದೆ ಮಾರಾಯ್ರೆ.

ಒಳ್ಳೆಯ ಮೀಟರೂ ಒಂದು ಕಡೆ ದಾರಿ ತಪ್ಪಿಸುತ್ತದೆ. ತೋಟದೊಳಗೆ ಉದ್ದಕ್ಕೆ ಜತೆಯಾಗಿ ಎಳೆದ ವಯರುಗಳಲ್ಲಿ ಒಂದು ತುಂಡಾಗಿದ್ದರೂ ಅದರಲ್ಲಿ 60, 80 ವೋಲ್ಟು ಕಾಣಿಸಬಹುದು. ಪಕ್ಕದ ವಯರಿನಿಂದ ಬಂದ ಹುಸಿ ವೋಲ್ಟೇಜು ಅದು. ಲೈನಿಗೂ ನ್ಯೂಟ್ರಲಿಗೂ ನಡುವೆ ಬಲ್ಬು ಹಾಕಿ ನೋಡಿದರೆ ಉರಿಯುವುದಿಲ್ಲ. ಹಾಗೆಂದು ಸಣ್ಣ ಅಂಕೆ ಕಂಡದ್ದೆಲ್ಲ ಹುಸಿ ಎಂದು ಮುಟ್ಟಲು ಹೋಗಬೇಡಿ.

ಹೊಸತು ಕೊಂಡಾಗ ಗೊತ್ತಿದ್ದ ಇಬ್ಬರ ಮೀಟರು ತರಿಸಿ, ಒಂದೇ ಬ್ಯಾಟರಿಗೆ, ಒಂದೇ ಪ್ಲಗ್ಗಿಗೆ ಹಿಡಿದು ನೋಡಿದೆ. ಈಗ ವರ್ಷಕ್ಕೊಮ್ಮೆ, ನೀರು ಶುರುಮಾಡುವ ಮೊದಲು, ಸೆಲ್ಲು ಬದಲಿಸಿ ಹಾಗೆಯೇ ಮಾಡುತ್ತೇನೆ. ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಇಳಿಸಿದ್ದೇನೆ. ಹಳದಿ ಮೀಟರು ಟಾರ್ಚಿನ ಸೆಲ್ಲು ನೋಡಲಿಕ್ಕಿದೆ. ಹೊಸ ಸೆಲ್ಲು ಹಾಕಿದ ಮೇಲೆ ಅದೂ ಸರಿಯಾಗಿಯೇ ಹೇಳುತ್ತದೆ, ಪಾಪ.